ಮನೆಗೆ ಕೊಡುವ ದುಡ್ಡಿಗೊಂದು ಹೆಸರಿರಲಿ

ದುಡಿಯುವ ಮಕ್ಕಳು ಉಪ್ಪ-ಉಮ್ಮನ ಜೊತೆ ಒಂದೇ ಮನೆಯಲ್ಲಿದ್ದರೆ ಅವರು ಮನೆಗೆ ಬಾಡಿಗೆ ಕೊಡಬೇಕಾ? ನಮ್ಮ ಯಾವುದೇ ಮನೆಯ ಜಗಲಿಯಲ್ಲಿ ಕೂತು ಈ ಪ್ರಶ್ನೆ ಕೇಳಿ ನೋಡಿ. "ಇದೆಂತ ಲಾಡ್ಜಾ ಮಾರಾಯ್ರೆ, ಬಾಡಿಗೆ ಕೊಡ್ಲಿಕ್ಕೆ?" ಎಂದು ಹಿರಿಯರು ಸಿಟ್ಟಾಗ್ತಾರೆ. "ಸ್ವಂತ ಮಕ್ಕಳ ಹತ್ರ ಬಾಡಿಗೆ ಕೇಳುವ ಗತಿ ನಮಗೆ ಬಂದಿಲ್ಲ" ಎಂದು ಉಮ್ಮ ಒಳಗಿನಿಂದಲೇ ಹೇಳ್ತಾರೆ. ಇಂಗ್ಲೆಂಡ್, ಅಮೆರಿಕದಂಥ ಕಡೆ ಕೆಲಸಕ್ಕೆ ಹೋಗುವ ಮಕ್ಕಳಿಂದ ಊಟ-ವಸತಿಯ ಖರ್ಚು ತೆಗೆದುಕೊಳ್ಳುವ ಮನೆಗಳು ಉಂಟು. ನಮ್ಮಲ್ಲಿ ಆ ಮಾತೇ ಇಲ್ಲ. ಇಲ್ಲದಿರುವುದು ಒಳ್ಳೆಯದೇ. ಆದರೆ ಬಾಡಿಗೆ ಎಂಬ ಮಾತಿನ ಜೊತೆಗೆ ಲೆಕ್ಕ ಎಂಬ ಮಾತನ್ನೂ ನಾವು ಮನೆಯಿಂದ ಹೊರಗೆ ಹಾಕಿದ್ದೇವೆ. ತೊಂದರೆ ಶುರುವಾಗುವುದು ಅಲ್ಲಿಂದ.

ಮೊದಲು ಮನೆಗಳ ಈಗಿನ ಸ್ಥಿತಿ ನೋಡೋಣ. ಮಗನಿಗೆ 24-25 ವರ್ಷ. ಡಿಗ್ರಿ ಮುಗಿಸಿ ಮಂಗಳೂರಿನ ಯಾವುದೋ ಶೋರೂಮಿನಲ್ಲೋ, ಆಸ್ಪತ್ರೆಯ ಲ್ಯಾಬಿನಲ್ಲೋ, ಕಂಪ್ಯೂಟರ್ ಕಂಪನಿಯಲ್ಲೋ ಕೆಲಸ ಮಾಡ್ತಾನೆ. ಸಂಬಳದಲ್ಲಿ ಬೈಕಿನ ಕಂತು ಹೋಗ್ತದೆ, ಮೊಬೈಲಿನ ಕಂತು ಹೋಗ್ತದೆ, ವಾರಕ್ಕೆ ಎರಡು ಸಲ ಗೆಳೆಯರ ಜೊತೆ ಮಂದಿ, ಶವರ್ಮಾ. ಮನೆಯ ಅಕ್ಕಿ, ಮೀನು, ಗ್ಯಾಸು, ವೈಫೈ ಎಲ್ಲ ಉಪ್ಪನ ಲೆಕ್ಕ. ಕೆಲವು ಮನೆಗಳಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೆ ಅದರಲ್ಲಿ ಉಮ್ಮ ಮೀನು-ತರಕಾರಿ ತಂದು, ಸಂಬಳ ಬರುವ ಮಗನಿಗೆ ಬಡಿಸ್ತಾರೆ. ಈ ಹುಡುಗ ಕೆಟ್ಟವನಲ್ಲ. ಉಮ್ಮನಿಗೆ ಜ್ವರ ಬಂದರೆ ಅರ್ಧ ರಾತ್ರಿಗೂ ಆಸ್ಪತ್ರೆಗೆ ಓಡ್ತಾನೆ. ಪೆರ್ನಾಲಿಗೆ ಬಟ್ಟೆ ತರ್ತಾನೆ. ಆದರೆ ತಿಂಗಳು ತಿಂಗಳು ಕೊಡಬೇಕು ಎಂದು ಅವನಿಗೆ ಹೊಳೆಯುವುದಿಲ್ಲ, ಹೇಳಲು ಉಪ್ಪನಿಗೆ ನಾಚಿಕೆ.

ಇದೇ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಪಿಜಿಯ ಬಾಡಿಗೆಯನ್ನು 5ನೇ ತಾರೀಕು ದಾಟದ ಹಾಗೆ ಕೊಡ್ತಿದ್ದ. ಅಡ್ವಾನ್ಸ್ ಕೊಟ್ಟಿದ್ದ, ಬಟ್ಟೆ ಒಗೆಸಲು ಬೇರೆ ದುಡ್ಡು ಕೊಟ್ಟಿದ್ದ, ಕರೆಂಟಿಗೆ ಬೇರೆ. ಒಂದು ದಿನ ತಡವಾದರೆ ಪಿಜಿಯವನು ಬಾಗಿಲು ಬಡಿಯುತ್ತಿದ್ದ. ಕೊರೊನಾ ಬಂದು, ಮನೆಯಿಂದಲೇ ಕೆಲಸ ಮಾಡುವ ಕ್ರಮ ಬಂದಾಗ ಇಂಥ ಎಷ್ಟೋ ಹುಡುಗರು ಊರಿಗೆ ವಾಪಸಾದರು. ಪಿಜಿಯ ದುಡ್ಡು ಉಳಿಯಿತು. ಉಳಿದ ಆ ದುಡ್ಡು ಉಮ್ಮನ ಕೈಗೆ ಬಂದ ಮನೆಗಳು ಎಷ್ಟು ಎಂದು ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಕೇಳಿಕೊಳ್ಳಲಿ. ಬಾಗಿಲು ಬಡಿಯುವವನಿಗೆ ತಪ್ಪದೆ ಕೊಟ್ಟು, ಬಾಗಿಲು ತೆರೆದು ಕಾಯುವವಳಿಗೆ ಕೊಡದಿರುವುದು ಯಾವ ನ್ಯಾಯ?

ಉಪ್ಪಂದಿರ ಕಡೆಯ ಸಂಗತಿ ಇನ್ನೂ ಗಂಭೀರ. ಕರಾವಳಿಯ ನಮ್ಮ ಮನೆಗಳಲ್ಲಿ ಒಂದು ಇಡೀ ತಲೆಮಾರು ಸೌದಿ, ದುಬೈ, ಕತಾರ್, ಕುವೈತ್ ಎಂದು ದುಡಿದು ಈಗ ಊರಿಗೆ ಬಂದು ಕೂತಿದೆ. ಸೌದಿಯಲ್ಲಿ 2017ರಿಂದ ಕುಟುಂಬದ ತಲೆಗೆ ಇಷ್ಟು ಎಂದು ಶುಲ್ಕ ಹಾಕಿದ ಮೇಲೆ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವರು, ಆಮೇಲೆ ತಾವೂ ಬಂದವರು ನಮ್ಮ ಊರುಗಳಲ್ಲಿ ತುಂಬ ಇದ್ದಾರೆ. ಅಲ್ಲಿ ಇಪ್ಪತ್ತು-ಇಪ್ಪತ್ತೈದು ವರ್ಷ ದುಡಿದ ನಮ್ಮವರಿಗೆ ಪಿಂಚಣಿ ಎಂಬುದು ಇಲ್ಲ. ಕೊನೆಗೆ ಒಂದು ಸಲ ಸಿಗುವ ಸರ್ವಿಸ್ ದುಡ್ಡು ಮನೆಯ ಮೇಲಿನ ಅಂತಸ್ತಿಗೋ, ಮಗಳ ಮದುವೆಗೋ ಮುಗಿದಿರ್ತದೆ. 55 ದಾಟಿದ ಈ ಉಪ್ಪ ಈಗ ಸಣ್ಣ ಅಂಗಡಿ ಇಟ್ಟೋ, ರಿಕ್ಷಾ ಓಡಿಸಿಯೋ ಮನೆ ನಡೆಸುವಾಗ, ಅವರ ಮೊದಲಿನ ರಿಯಾಲ್ ನೋಡಿ ಬೆಳೆದ ಮಗನಿಗೆ "ಉಪ್ಪನ ಹತ್ರ ಇರಬಹುದು" ಎಂಬ ಭಾವನೆ ಹೋಗುವುದೇ ಇಲ್ಲ. ಇನ್ನು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರ ಮಾತು ಬಿಡಿ. ಸಾವಿರ ಬೀಡಿಗೆ ಇಷ್ಟು ಎಂದು ಬ್ರಾಂಚಿನವರು ಪುಸ್ತಕದಲ್ಲಿ ಬರೆದು ಕೊಟ್ಟ ಲೆಕ್ಕದಿಂದಲೇ ಎಷ್ಟೋ ಇಂಜಿನಿಯರುಗಳ ಫೀಸು ಕಟ್ಟಲಾಗಿದೆ.

ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. 21ನೇ ವಯಸ್ಸಿಗೆ ವಿಮಾನ ಹತ್ತಿದ ಮಗ, ಸಂಬಳದಲ್ಲಿ ತನ್ನ ರೂಮು ಮತ್ತು ಮೆಸ್ಸಿನ ದುಡ್ಡು ಬಿಟ್ಟು ಎಲ್ಲವನ್ನೂ ಊರಿಗೆ ಕಳಿಸ್ತಾನೆ. ಅಕ್ಕನ ಮದುವೆ, ತಂಗಿಯ ಮದುವೆ, ತಮ್ಮನ ಕಾಲೇಜು, ಮನೆಯ ಸ್ಲ್ಯಾಬು. 35 ಆಗುವಾಗ ಅವನ ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗವೂ ಇಲ್ಲ, ಬ್ಯಾಂಕಿನಲ್ಲಿ ದುಡ್ಡೂ ಇಲ್ಲ. ತನಗೆಂದು ಸ್ವಲ್ಪ ಉಳಿಸಲು ಹೊರಟರೆ "ಮದುವೆಯಾದ ಮೇಲೆ ಬದಲಾದ" ಎಂಬ ಮಾತು ಬರ್ತದೆ. ಏನೂ ಕೊಡದ ಮಗ, ಎಲ್ಲವನ್ನೂ ಕೊಟ್ಟು ಬರಿಗೈಯಾದ ಮಗ ಇಬ್ಬರೂ ಒಂದೇ ಮನೆಯಲ್ಲಿ ಇರುವುದುಂಟು. ಇಬ್ಬರ ವಿಷಯದಲ್ಲೂ ಆದದ್ದು ಒಂದೇ: ಎಷ್ಟು, ಯಾವುದಕ್ಕೆ, ಎಲ್ಲಿಯವರೆಗೆ ಎಂದು ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ.

ಹಾಗಾದರೆ ಕೊಡುವುದು ಕಡ್ಡಾಯವಾ, ಔದಾರ್ಯವಾ? ದೀನಿನಲ್ಲಿ ಇದಕ್ಕೆ ಸ್ಪಷ್ಟ ದಾರಿ ಉಂಟು. ತಂದೆ-ತಾಯಿಗೆ ಗತಿಯಿಲ್ಲದೆ, ಮಗನ ಹತ್ತಿರ ತನ್ನ ಮತ್ತು ತನ್ನ ಹೆಂಡತಿಯ ಖರ್ಚು ಕಳೆದು ಮಿಗುವಷ್ಟಿದ್ದರೆ, ಅವರ ನಫಖ, ಅಂದರೆ ಊಟ, ಬಟ್ಟೆ, ವಸತಿಯ ಖರ್ಚು, ಅವನ ಮೇಲೆ ಕಡ್ಡಾಯ. ಅದು ದಾನವಲ್ಲ. ಆದ್ದರಿಂದಲೇ ಅದನ್ನು ಝಕಾತಿನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. "ಈ ಸಲದ ಝಕಾತ್ ಉಮ್ಮನಿಗೇ ಕೊಟ್ಟೆ" ಎನ್ನುವವರು ತಿಳಿದವರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ತಂದೆ-ತಾಯಿ ಅನುಕೂಲವಂತರಾಗಿದ್ದರೆ ಕೊಡುವುದು ಕಡ್ಡಾಯವಲ್ಲ, ಆದರೂ ಕೊಡುವುದು ದೊಡ್ಡ ಪುಣ್ಯ. ಇನ್ನು ಪ್ರಾಯಕ್ಕೆ ಬಂದು, ಆರೋಗ್ಯ ಇದ್ದು, ದುಡಿಯುತ್ತಿರುವ ಮಗನನ್ನು ಸಾಕುವ ಹೊಣೆ ತಂದೆಯ ಮೇಲಿಲ್ಲ. ಅವನು ತಿನ್ನುವ ಅನ್ನ ತಂದೆಯ ಪ್ರೀತಿಯಿಂದ ಬರುವುದೇ ಹೊರತು ಅವನ ಹಕ್ಕಿನಿಂದಲ್ಲ. ಈ ಒಂದು ವಿಷಯ ನಮ್ಮ ಹುಡುಗರಿಗೆ ತಿಳಿದರೆ ಅರ್ಧ ಕೆಲಸ ಆಯಿತು.

ಉಪ್ಪಂದಿರು ಕೆಲವೊಮ್ಮೆ ಒಂದು ಹದೀಸನ್ನು ಮುಂದಿಡ್ತಾರೆ. ಮಗನೂ ಮಗನ ಸೊತ್ತೂ ತಂದೆಗೆ ಸೇರಿದ್ದು ಎಂಬ ಅರ್ಥ ಬರುವ ಆ ಹದೀಸ್ ಇಬ್ನು ಮಾಜದಲ್ಲಿ ಉಂಟು. ಆದರೆ ಹೆಚ್ಚಿನ ಉಲಮಾಗಳು ಅದನ್ನು ತಂದೆಯ ಅಗತ್ಯ ಮತ್ತು ಗೌರವದ ಅರ್ಥದಲ್ಲಿ ತಿಳಿದುಕೊಂಡಿದ್ದಾರೆ, ಮಗನ ಸಂಬಳದ ಮಾಲಕ ತಂದೆ ಎಂಬ ಅರ್ಥದಲ್ಲಿ ಅಲ್ಲ. ಇದಕ್ಕೆ ಸುಲಭದ ಪುರಾವೆ ಸೂರಃ ಅನ್ನಿಸಾದ 11ನೇ ಆಯತ್ತಿನಲ್ಲೇ ಇದೆ. ಮಕ್ಕಳಿರುವ ಒಬ್ಬ ಮಗ ತೀರಿಕೊಂಡರೆ ಅವನ ತಂದೆಗೆ ಆರನೇ ಒಂದು ಪಾಲು, ತಾಯಿಗೆ ಆರನೇ ಒಂದು ಪಾಲು ಎಂದು ಅಲ್ಲಿ ನಿಗದಿ ಮಾಡಲಾಗಿದೆ. ಮಗನ ಸೊತ್ತೆಲ್ಲ ಮೊದಲೇ ತಂದೆಯದ್ದಾಗಿದ್ದರೆ ಪಾಲು ನಿಗದಿ ಮಾಡುವ ಅಗತ್ಯವೇ ಇರಲಿಲ್ಲ, ಅಲ್ವಾ?

ಮದುವೆಯಾಗಿ ಹೆಂಡತಿಯೊಂದಿಗೆ ಉಪ್ಪನ ಮನೆಯಲ್ಲೇ ಇರುವ ಮಗನ ಲೆಕ್ಕ ಬೇರೆ. ಹೆಂಡತಿಯ ಊಟ, ಬಟ್ಟೆ, ವಸತಿ ಗಂಡನ ಮೇಲೆ ಇರುವ ಬಾಧ್ಯತೆ, ಮಾವನ ಮೇಲೆ ಅಲ್ಲ. ಆ ಹೊಣೆ ಅವನದು. ಅವನು ಹೆಂಡತಿಯನ್ನು ಕರೆತಂದು ಉಪ್ಪನ ಅಕ್ಕಿಯಲ್ಲಿ, ಉಪ್ಪನ ಗ್ಯಾಸಿನಲ್ಲಿ ನಡೆಸಿದರೆ, ತಾನು ತೀರಿಸಬೇಕಾದ ಬಾಧ್ಯತೆಯನ್ನು ಉಪ್ಪನಿಂದ ತೀರಿಸಿದ ಹಾಗಾಯ್ತು. ಉಪ್ಪ ಸಂತೋಷದಿಂದ ಮಾಡಿದರೆ ಅದು ಅವರ ದೊಡ್ಡತನ. ಆದರೆ ಅವರನ್ನು ಕೇಳದೆಯೇ ಸಂತೋಷದಲ್ಲಿದ್ದಾರೆ ಎಂದು ನಾವೇ ತೀರ್ಮಾನ ಮಾಡಬಾರದು. ಹೆಣ್ಣಿನ ಮನೆಯಲ್ಲೇ ಉಳಿಯುವ ಅಳಿಯಂದಿರಿಗೂ ಈ ಮಾತು ಅನ್ವಯ. ನಮ್ಮ ಕೆಲವು ಕಡೆ ಆ ರೂಢಿ ಈಗಲೂ ಉಂಟು. ಅಳಿಯನಿಗೆ ಒತ್ತಾಯ ಮಾಡಿ ಬಡಿಸುವ ಮಾವನಿಗೆ ಔಷಧಿ ಅಂಗಡಿಯಲ್ಲಿ ಸಾಲ ಇರಬಹುದು.

ಹೆಣ್ಣುಮಕ್ಕಳ ಸಂಬಳದ ವಿಷಯ ಇನ್ನೂ ಸೂಕ್ಷ್ಮ. ಈಗ ನಮ್ಮ ಹೆಣ್ಣುಮಕ್ಕಳು ಟೀಚರ್, ನರ್ಸ್, ಡಾಕ್ಟರ್, ಅಕೌಂಟೆಂಟ್ ಆಗಿ ದುಡಿಯುತ್ತಿದ್ದಾರೆ. ಅವಳು ಗಳಿಸಿದ್ದು ಅವಳದ್ದೇ. ಅದಕ್ಕೆ ತಂದೆಯಾಗಲಿ, ಅಣ್ಣನಾಗಲಿ, ನಾಳೆ ಗಂಡನಾಗಲಿ ಮಾಲಕರಲ್ಲ. ಮನೆಗೆ ಅಗತ್ಯ ಇರುವಾಗ ಅವಳು ತನ್ನ ಪಾಲು ಕೊಡುವುದು ಒಳ್ಳೆಯದೇ, ಹೆಚ್ಚಿನವರು ಅಣ್ಣಂದಿರಿಗಿಂತ ಮೊದಲೇ ಕೊಡ್ತಾರೆ. ಆದರೆ ಅಣ್ಣನ ಸಂಬಳ ಅವನ ಜೇಬಿಗೆ, ತಂಗಿಯ ಎಟಿಎಂ ಕಾರ್ಡು ಉಪ್ಪನ ಜೇಬಿಗೆ ಎಂಬ ಕ್ರಮ ನಮ್ಮ ಎಷ್ಟು ಮನೆಗಳಲ್ಲಿ ಇಲ್ಲ? ಸಂಬಳ ಬರುವ ಮಗಳ ಮದುವೆಯ ಮಾತನ್ನು "ಈ ವರ್ಷ ಬೇಡ" ಎಂದು ಮುಂದೂಡುವ ಮನೆಗಳೂ ಉಂಟು. ಕಾರಣ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರ್ತದೆ. ಹೀಗೆ ಮಾಡುವ ಉಪ್ಪಂದಿರು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾಗ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯಕ್ಕೆ ಬರೋಣ. ತಿಂಗಳ ಖರ್ಚಿನಲ್ಲಿ ಹೆಚ್ಚುಕಡಿಮೆಯಾದರೆ ಸಹಿಸಬಹುದು. ಮನೆ ಕಟ್ಟುವ ದುಡ್ಡಿನಲ್ಲಿ ಮಾತು ಆಗದಿದ್ದರೆ ಕುಟುಂಬವೇ ಒಡೆಯುತ್ತದೆ. ಜಮಾಅತ್ ಕಮಿಟಿಯ ಮುಂದೆ, ಖತೀಬರ ಮುಂದೆ, ಕೊನೆಗೆ ಕೋರ್ಟಿನ ಮುಂದೆ ಬರುವ ಜಗಳಗಳಲ್ಲಿ ಇದು ಹಳೆಯ ಜಗಳ. ಜಾಗ ಉಪ್ಪನದ್ದು. ಮನೆ ಕಟ್ಟಲು ದೊಡ್ಡ ಮಗ ಗಲ್ಫಿನಿಂದ ದುಡ್ಡು ಕಳಿಸಿದ. ಅದು ಏನೆಂದು ಯಾರೂ ಹೇಳಲಿಲ್ಲ. ಉಪ್ಪ ತೀರಿಕೊಂಡರು. ಮಗ ಹೇಳ್ತಾನೆ, "ಮನೆ ನನ್ನದು." ತಂಗಿಯಂದಿರು ಹೇಳ್ತಾರೆ, "ಆಧಾರ ಉಪ್ಪನ ಹೆಸರಿನಲ್ಲಿ ಉಂಟು, ನಮಗೂ ಪಾಲಿದೆ." ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಉದಾಹರಣೆಗೆ ಜಾಗ ಸೇರಿ ಮನೆಯ ಬೆಲೆ 48 ಲಕ್ಷ ಎಂದಿಟ್ಟುಕೊಳ್ಳಿ. ಅದಕ್ಕೆ ದೊಡ್ಡ ಮಗ ಕೊಟ್ಟದ್ದು 24 ಲಕ್ಷ. ಉಪ್ಪನಿಗೆ ಬೇರೆ ಸೊತ್ತಿಲ್ಲ. ಬಿಟ್ಟುಹೋದದ್ದು ಉಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮಗ ಕೊಟ್ಟದ್ದು ಉಡುಗೊರೆ, ಅಂದರೆ ಹಿಬಾ ಎಂದಾದರೆ ಇಡೀ 48 ಲಕ್ಷ ಮೀರಾಸ್. ಉಮ್ಮನಿಗೆ ಎಂಟನೇ ಒಂದು ಪಾಲು, 6 ಲಕ್ಷ. ಉಳಿದ 42ರಲ್ಲಿ ಗಂಡುಮಕ್ಕಳಿಗೆ ತಲಾ 14 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಅದೇ ದುಡ್ಡು ಸಾಲ ಎಂದಾಗಿದ್ದರೆ, ಪಾಲು ಮಾಡುವ ಮೊದಲು ಸಾಲ ತೀರಬೇಕು. 24 ಲಕ್ಷ ಮಗನಿಗೆ ಹೋಗ್ತದೆ. ಉಳಿದ 24ರಲ್ಲಿ ಉಮ್ಮನಿಗೆ 3, ಗಂಡುಮಕ್ಕಳಿಗೆ ತಲಾ 7, ಹೆಣ್ಣುಮಕ್ಕಳಿಗೆ ತಲಾ ಮೂರೂವರೆ ಲಕ್ಷ. ದೊಡ್ಡ ಮಗನ ಕೈಗೆ ಬರುವುದು ಮೊದಲಿನ ಲೆಕ್ಕದಲ್ಲಿ 14 ಲಕ್ಷ, ಎರಡನೆಯದರಲ್ಲಿ 31 ಲಕ್ಷ. ತಂಗಿಯ ಪಾಲು 7 ಲಕ್ಷದಿಂದ ಅರ್ಧಕ್ಕೆ ಇಳಿಯುತ್ತದೆ. ಇನ್ನು ಮನೆಯಲ್ಲಿ ಪಾಲುದಾರಿಕೆ ಎಂದು ಮಾತಾಗಿದ್ದರೆ ಆ ಲೆಕ್ಕ ಮೂರನೆಯದು.

ದುಡ್ಡು ಒಂದೇ, ಮನೆ ಒಂದೇ. ಕೊಡುವ ದಿನ ಅದಕ್ಕೆ ಯಾವ ಹೆಸರಿಟ್ಟರು ಎಂಬುದರ ಮೇಲೆ 17 ಲಕ್ಷದ ವ್ಯತ್ಯಾಸ ನಿಂತಿದೆ. ಹೆಸರು ಇಡದಿದ್ದರೆ ಸಾಮಾನ್ಯವಾಗಿ ಅದನ್ನು ಮನೆಗೆ ಮಾಡಿದ ಸಹಾಯ ಎಂದೇ ಎಣಿಸುತ್ತಾರೆ, ಕೊಟ್ಟವನಿಗೆ ಕೇಳಲು ಬಾಯಿ ಇರುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಆದೇಶಿಸುವ ಸೂರಃ ಅಲ್‌ಬಕರದ 282ನೇ ಆಯತ್ ಇಡೀ ಕುರ್‌ಆನಿನಲ್ಲೇ ಅತಿ ಉದ್ದದ ಆಯತ್. ಮನೆಯವರ ನಡುವೆ ಬರೆಯುವುದು ಅವಿಶ್ವಾಸ ಎಂದು ನಾವು ತಿಳಿದುಕೊಂಡದ್ದು ಎಲ್ಲಿಂದಲೋ ಗೊತ್ತಿಲ್ಲ, ಆ ಆಯತ್ತಿನಿಂದಂತೂ ಅಲ್ಲ.

ಅಂಗಡಿಯ ಮಕ್ಕಳಿಗೂ ಇದೇ ಮಾತು. ವ್ಯಾಪಾರ ನಮ್ಮ ಸಮುದಾಯದ ಹಳೆಯ ಕಸುಬು. ಒಬ್ಬ ಮಗ ದುಬೈಗೆ, ಇನ್ನೊಬ್ಬ ಉಪ್ಪನ ಜೊತೆ ಅಂಗಡಿಯಲ್ಲಿ. ಅಂಗಡಿಯ ಮಗನಿಗೆ ಸಂಬಳವಿಲ್ಲ, ಪಾಲಿಲ್ಲ, ಗಲ್ಲದಿಂದ ಖರ್ಚಿಗೆ ತೆಗೆಯುವ ಸ್ವಾತಂತ್ರ್ಯ ಮಾತ್ರ. ಹದಿನೈದು ವರ್ಷ ಬೆಳಿಗ್ಗೆ ಶಟರ್ ಎತ್ತಿದವನಿಗೆ ಉಪ್ಪ ಹೋದ ಮೇಲೆ ಸಿಗುವುದು ದುಬೈಯವನಷ್ಟೇ ಪಾಲು. ಅವನು ಬಾಡಿಗೆ ಕೊಡಬೇಕಾ ಎಂದು ಕೇಳುವ ಮೊದಲು ಅವನಿಗೆ ಸಂಬಳ ಕೊಡಬೇಕಾ ಎಂದು ಉಪ್ಪ ಕೇಳಿಕೊಳ್ಳಬೇಕು. ತಿಂಗಳಿಗಿಷ್ಟು ಸಂಬಳ, ಇಲ್ಲವೇ ಲಾಭದಲ್ಲಿ ಇಷ್ಟು ಪಾಲು ಎಂದು ಇವತ್ತೇ ಹೇಳಿಬಿಟ್ಟರೆ ಅವನೂ ಅದರಿಂದ ಮನೆಗೆ ತನ್ನ ಪಾಲು ಕೊಡಬಹುದು.

ಕಾಗದದ ಮೇಲಿನ ಬಾಡಿಗೆಯ ಬಗ್ಗೆಯೂ ಒಂದು ಮಾತು. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇರುವ ಕೆಲವು ಹುಡುಗರು ಆದಾಯ ತೆರಿಗೆ ಉಳಿಸಲು ಉಪ್ಪನ ಹೆಸರಿನಲ್ಲಿ ಬಾಡಿಗೆ ರಶೀದಿ ಮಾಡ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದಕ್ಕೆ ಅವಕಾಶ ಉಂಟು. ಆದರೆ ಮನೆ ಉಪ್ಪನ ಅಥವಾ ಉಮ್ಮನ ಹೆಸರಿನಲ್ಲಿರಬೇಕು, ದುಡ್ಡು ನಿಜವಾಗಿ ಅವರಿಗೆ ಕೊಟ್ಟಿರಬೇಕು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ವರ್ಷಕ್ಕೆ 1 ಲಕ್ಷ ದಾಟಿದರೆ ಅವರ ಪ್ಯಾನ್ ನಂಬರು ಕೊಡಬೇಕು. ಕಂಪನಿಗೆ ಕೊಡುವ ರಶೀದಿಯಲ್ಲಿ 10,000 ಬರೆದು ಉಪ್ಪನ ಕೈಗೆ ನಯಾಪೈಸೆ ಕೊಡದಿದ್ದರೆ ಅದು ಸರಕಾರಕ್ಕೆ ಹೇಳಿದ ಸುಳ್ಳು, ಮತ್ತು ಆ ಸುಳ್ಳಿಗೆ ಉಪ್ಪನ ಸಹಿ.

ಇಷ್ಟೆಲ್ಲ ಹೇಳಿದ ಮೇಲೂ ಬಾಡಿಗೆ ಎಂಬ ಕ್ರಮ ನಮ್ಮ ಮನೆಗಳಿಗೆ ಬೇಡ ಎಂದೇ ನಮ್ಮ ಅಭಿಪ್ರಾಯ. ಬಾಡಿಗೆ ಕೊಟ್ಟವನ ಹೊಣೆ ಕೊಟ್ಟಲ್ಲಿಗೆ ಮುಗಿಯುತ್ತದೆ. ಬಾಡಿಗೆದಾರ ಮನೆಯ ಯಜಮಾನನಿಗೆ ಮದ್ದು ತರಬೇಕಾಗಿಲ್ಲ, ರಾತ್ರಿ ಎದ್ದು ನೀರು ಕೊಡಬೇಕಾಗಿಲ್ಲ. ತಂದೆ-ತಾಯಿಯ ಹಕ್ಕು ತಿಂಗಳ ದುಡ್ಡಿನಲ್ಲಿ ತೀರುವಂಥದ್ದಲ್ಲ. ಕೆಲಸ ಹೋದ ತಿಂಗಳು ಬಾಡಿಗೆದಾರನನ್ನು ಹೊರಗೆ ಹಾಕಬಹುದು, ಮಗನನ್ನು ಹಾಕಲಾಗುವುದಿಲ್ಲ, ಹಾಕಬಾರದು. ನಮಗೆ ಬೇಕಾದ್ದು ಮನೆಯವನಾಗಿ ಕೊಡುವ ಒಂದು ನಿಶ್ಚಿತ ಪಾಲು.

ಹೇಗೆ ಮಾಡುವುದು? ಮನೆಯ ತಿಂಗಳ ಖರ್ಚನ್ನು ಒಮ್ಮೆ ಎಲ್ಲರೂ ಕೂತು ಬರೆಯಿರಿ. ಎಷ್ಟೋ ಮಕ್ಕಳಿಗೆ ಮನೆಗೆ ಎಷ್ಟು ಹೋಗ್ತದೆ ಎಂದೇ ಗೊತ್ತಿರುವುದಿಲ್ಲ, ಗೊತ್ತಾದರೆ ತಾವಾಗಿ ಕೊಡುವವರೇ ಹೆಚ್ಚು. ಐದು ಜನರ ಮನೆಗೆ 20,000 ಬೇಕೆಂದಾದರೆ ತಲೆಗೆ 4,000. ದುಡಿಯುವವನು ಕಡಿಮೆಯೆಂದರೆ ತನ್ನ ತಲೆಯದ್ದನ್ನು ಕೊಡಲಿ, ಮದುವೆಯಾದವನು ಹೆಂಡತಿ-ಮಕ್ಕಳದ್ದನ್ನೂ ಸೇರಿಸಲಿ, ಉಪ್ಪ ದುಡಿಮೆ ನಿಲ್ಲಿಸಿದ್ದರೆ ಅವರದ್ದನ್ನೂ ಮಕ್ಕಳು ಹಂಚಿಕೊಳ್ಳಲಿ. ಕಲಿಯುತ್ತಿರುವವರಿಗೆ, ಕೆಲಸ ಹುಡುಕುತ್ತಿರುವವರಿಗೆ, ಹುಷಾರಿಲ್ಲದವರಿಗೆ ಈ ಲೆಕ್ಕ ಬೇಡ.

ಕೊಡುವ ದಿನ ನಿಗದಿಯಾಗಿರಲಿ. ಸಂಬಳ ಬಂದ ದಿನವೇ, ಬೈಕಿನ ಕಂತಿಗಿಂತ ಮೊದಲು. "ಬೇಕಾದ್ರೆ ಕೇಳಿ ಉಮ್ಮ" ಎನ್ನುವುದು ಕೇಳಲು ಚೆಂದ. ಆದರೆ ಕೇಳುವುದು ಎಷ್ಟು ಕಷ್ಟ ಎಂದು ಕೇಳಿದವರಿಗೇ ಗೊತ್ತು. ಮುಟ್ಟು ನೋವಿನ ಎಣ್ಣೆಗೆ, ನೆಂಟರ ಮದುವೆಗೆ ಹೋಗುವ ರಿಕ್ಷಾಕ್ಕೆ ಮಗನ ಮುಂದೆ ಕೈ ಚಾಚುವ ಉಮ್ಮನಿಗೆ ಅವನು ಇಲ್ಲ ಎನ್ನದಿದ್ದರೂ ಒಳಗೊಳಗೇ ಸಣ್ಣವಳಾದ ಹಾಗೆ ಅನಿಸ್ತದೆ. ಮನೆಯ ಪಾಲು ಬೇರೆ, ಉಮ್ಮನ ಕೈಖರ್ಚು ಬೇರೆ ಇರಲಿ. ಅದು 500 ಆದರೂ ಸರಿ. ಅದನ್ನು ಎಂತಕ್ಕೆ ಖರ್ಚು ಮಾಡಿದಿರಿ ಎಂದು ಯಾರೂ ಕೇಳಬಾರದು.

ದೊಡ್ಡ ಮೊತ್ತ ಕೊಡುವಾಗ ಉಡುಗೊರೆಯಾ, ಸಾಲವಾ, ಪಾಲುದಾರಿಕೆಯಾ ಎಂದು ಅದೇ ದಿನ ಹೇಳಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿ ಹಾಕಿ. ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ತಿಳಿದಿರಲಿ. ಜಾಗ-ಮನೆಯ ಹಕ್ಕಿನ ವಿಷಯವಾದರೆ ವಕೀಲರನ್ನು ಕಂಡು ನೋಂದಣಿ ಮಾಡಿಸಿ. ಅನುಕೂಲ ಇರುವ ಉಪ್ಪಂದಿರು ಮಗ ಕೊಟ್ಟದ್ದನ್ನು ಖರ್ಚು ಮಾಡದೆ ಅವನಿಗಾಗಿಯೇ ಕೂಡಿಡುವುದುಂಟು. ಒಳ್ಳೆಯ ಕೆಲಸ. ಆದರೆ ಅದು ಮಗನ ಅಮಾನತ್ ಎಂದು ಬರೆದಿಡದೆ ಕಣ್ಣು ಮುಚ್ಚಿದರೆ ಅದೂ ಮೀರಾಸಿನಲ್ಲಿ ಸೇರಿ ಹಂಚಿಹೋಗಬಹುದು. ಮಕ್ಕಳಿಂದ ತೆಗೆದುಕೊಳ್ಳುವ ಉಪ್ಪಂದಿರು ಅವರಿಗೆ ಉಳಿಸಲೂ ಬಿಡಬೇಕು. ಮದುವೆ, ಮನೆ, ಮಕ್ಕಳ ಭವಿಷ್ಯ ಅವರಿಗೂ ಉಂಟು.

ಕಾನೂನಿನ ದಾರಿಯೂ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಕಾಯ್ದೆಯಂತೆ ತಮ್ಮ ಖರ್ಚು ತಾವು ನೋಡಿಕೊಳ್ಳಲಾಗದ ತಂದೆ-ತಾಯಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಕೊಡುವಂತೆ ಮಕ್ಕಳಿಗೆ ಆದೇಶವಾಗಬಹುದು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಮಗ ಕೈಬಿಟ್ಟರೆ ಆ ಪತ್ರ ರದ್ದಾಗಬಹುದು. ಹಿರಿಯರ ಸಹಾಯವಾಣಿ 14567. ನಿಜವಾಗಿಯೂ ಕಷ್ಟದಲ್ಲಿರುವ ಹಿರಿಯರು ನಾಚಿಕೆಪಡದೆ ಇದನ್ನು ಬಳಸಲಿ. ಆದರೆ ಉಪ್ಪ-ಉಮ್ಮ ಎಸಿ ಆಫೀಸಿನ ಮೆಟ್ಟಿಲು ಹತ್ತುವವರೆಗೆ ಒಂದು ಮನೆ ಹೋಯಿತೆಂದರೆ, ಅದಕ್ಕಿಂತ ಹತ್ತು ವರ್ಷ ಮೊದಲೇ ಅಲ್ಲಿ ಮಾತು ನಿಂತಿತ್ತು ಎಂದರ್ಥ.

ನಮ್ಮ ಖತೀಬರು ಮೀರಾಸಿನ ವಿಷಯವನ್ನು ಯಾರಾದರೂ ತೀರಿಕೊಂಡ ಮೇಲೆ ಹೇಳುವುದಕ್ಕಿಂತ, ಉಪ್ಪ-ಉಮ್ಮ ಬದುಕಿರುವಾಗಲೇ ಕೊಡುವ-ತೆಗೆದುಕೊಳ್ಳುವ ಈ ಲೆಕ್ಕವನ್ನು ಹೇಳಿಕೊಟ್ಟರೆ ಒಳ್ಳೆಯದು. ಜಮಾಅತಿನ ಹಿರಿಯರು ನಿಕಾಹಿನ ಮೊದಲು ಹುಡುಗನ ಹತ್ತಿರ ಮಹ್ರಿನ ಜೊತೆಗೆ ಇದನ್ನೂ ಒಂದು ಮಾತು ಕೇಳಲಿ: ಹೆಂಡತಿಯ ಖರ್ಚು ಯಾರ ಜೇಬಿನಿಂದ?

ಮನೆಗಳಲ್ಲಿ ಈ ಮಾತನ್ನು ಮೊದಲು ಎತ್ತಬೇಕಾದವರು ಮಕ್ಕಳೇ. ಉಪ್ಪ ಎತ್ತಿದರೆ ಅದು ಬೇಡಿದ ಹಾಗೆ ಕೇಳುತ್ತದೆ, ಮಗ ಎತ್ತಿದರೆ ಕರ್ತವ್ಯದ ಹಾಗೆ ಕೇಳುತ್ತದೆ. ಮುಂದಿನ ಸಂಬಳ ಬರುವ ಮೊದಲು ಒಂದು ರಾತ್ರಿ ಊಟ ಆದ ಮೇಲೆ ಮೊಬೈಲು ಬದಿಗಿಟ್ಟು ಕೂತುಕೊಳ್ಳಿ. "ಉಪ್ಪ, ಮನೆಗೆ ತಿಂಗಳಿಗೆ ಎಷ್ಟು ಬೇಕಾಗ್ತದೆ?" ಎಂದು ಕೇಳಿ. ಅವರು "ಅದೆಲ್ಲ ನಿನಗೆ ಎಂತಕ್ಕೆ?" ಎಂದೇ ಹೇಳಬಹುದು. ಇನ್ನೊಮ್ಮೆ ಕೇಳಿ.